ಅನಿಮೇಷನ್ ಸಿನಿಮಾಕ್ಕೆ ಚಿತ್ರ ಬಿಡಿಸಿದರೆ ಸಾಕೇ, ಚಿತ್ರಕಥೆಯೂ ಬೇಕೇ?

ಒಂದು ಕಂಪ್ಯೂಟರ್, ಉಚಿತವಾಗಿ ಸಿಗುವ ಬ್ಲೆಂಡರ್‌ನಂಥ ತಂತ್ರಾಂಶ, ಚಿತ್ರ ಬಿಡಿಸಬಲ್ಲ ನಾಲ್ವರು ಗೆಳೆಯರು ಇದ್ದರೆ ಅನಿಮೇಷನ್ ಸಿನಿಮಾ ಆಗಿಯೇಹೋಯಿತು ಎಂಬ ನಂಬಿಕೆ ಹಲವರಲ್ಲಿದೆ. ‘ಇಲ್ಲಿ ಏನು ಬೇಕಾದರೂ ತೋರಿಸಬಹುದು, ಕಥೆ ಆಮೇಲೆ ಸರಿಮಾಡಿಕೊಂಡರಾಯಿತು’ ಎನ್ನುತ್ತಾರೆ. ಮೊದಲ ಮಾತು ನಿಜ. ಎರಡನೆಯದು ತಪ್ಪು ಕಲ್ಪನೆ.

ಲೆಕ್ಕ ಏನು ಹೇಳುತ್ತದೆ?

ಸಿನಿಮಾದ ಒಂದು ಸೆಕೆಂಡಿಗೆ 24 ಫ್ರೇಮುಗಳು. ತೊಂಬತ್ತು ನಿಮಿಷಕ್ಕೆ 1,29,600. ಒಂದೇ ಚಿತ್ರವನ್ನು ಎರಡೆರಡು ಫ್ರೇಮಿಗೆ ಬಳಸಿದರೂ 64,800 ಚಿತ್ರಗಳು ಬೇಕು. ನಟರಿರುವ ಸಿನಿಮಾದಲ್ಲಿ ಒಂದೇ ದೃಶ್ಯವನ್ನು ನಾಲ್ಕಾರು ಕೋನಗಳಿಂದ ಚಿತ್ರೀಕರಿಸಿ, ಸಂಕಲನದ ಹೊತ್ತಿಗೆ ಬೇಡದ್ದನ್ನು ಬಿಡಬಹುದು. ಅನಿಮೇಷನ್‌ನಲ್ಲಿ ಹಾಗೆ ಬಿಟ್ಟ ಪ್ರತಿ ನಿಮಿಷವೂ ಹಲವರ ತಿಂಗಳುಗಟ್ಟಲೆ ದುಡಿಮೆ. ಆದ್ದರಿಂದ ಇಲ್ಲಿ ಸಂಕಲನ ಮೊದಲೇ, ಕಾಗದದ ಮೇಲೆಯೇ ನಡೆಯಬೇಕು.

ಕಂಪ್ಲಿಯ ಕಥೆಯನ್ನೇ ತೆಗೆದುಕೊಳ್ಳೋಣ

ಕಂಪಿಲರಾಯನ ಮಗ ಕುಮಾರರಾಮನ ಕಥೆ ಈ ಭಾಗದವರಿಗೆ ಗೊತ್ತು. ಚೆಂಡಾಟದಲ್ಲಿ ಚೆಂಡು ಮಲತಾಯಿ ರತ್ನಾಜಿಯ ಅರಮನೆಗೆ ಬೀಳುತ್ತದೆ. ತರಲು ಹೋದ ರಾಮನನ್ನು ಆಕೆ ಬಯಸುತ್ತಾಳೆ; ಅವನು ಒಪ್ಪದಾಗ ಸುಳ್ಳು ಆರೋಪ ಹೊರಿಸುತ್ತಾಳೆ. ರಾಜ ತಲೆ ತೆಗೆಯಲು ಆಜ್ಞೆ ಮಾಡುತ್ತಾನೆ. ಮಂತ್ರಿ ಬೈಚಪ್ಪ ರಾಮನನ್ನು ಬಚ್ಚಿಟ್ಟು ಬೇರೊಂದು ತಲೆ ತೋರಿಸುತ್ತಾನೆ. ದೆಹಲಿಯ ಸೈನ್ಯ ಬಂದಾಗ ರಾಮ ಹೊರಬಂದು ಹೋರಾಡಿ ಮಡಿಯುತ್ತಾನೆ.

ಇದು ಕಥೆ, ಚಿತ್ರಕಥೆ ಇನ್ನೂ ಆಗಿಲ್ಲ. ಚಿತ್ರಕಥೆಗಾರ ಮೂರು ವಿಷಯ ತೀರ್ಮಾನಿಸಬೇಕು.

ಮೊದಲನೆಯದು, ಯಾರಿಗಾಗಿ? ಅನಿಮೇಷನ್ ಎಂದರೆ ಮಕ್ಕಳಿಗೇ ಎಂದೇನಿಲ್ಲ. ಆದರೆ ಮಕ್ಕಳಿಗಾದರೆ ರತ್ನಾಜಿಯ ಪ್ರಸಂಗವನ್ನು ಬೇರೆ ರೀತಿಯಲ್ಲಿ ಬರೆಯಬೇಕಾಗುತ್ತದೆ.

ಎರಡನೆಯದು, ಕಣ್ಣಿಗೆ ಕಾಣುವುದೇನು? ‘ಆಕೆಯ ಮನಸ್ಸು ಸೋತಿತು’ ಎಂದು ಬರೆದರೆ ಚಿತ್ರಕಾರನಿಗೆ ಬಿಡಿಸಲು ಏನೂ ಸಿಗದು. ‘ಆಕೆ ಚೆಂಡನ್ನು ಚಾಚುತ್ತಾಳೆ, ಬೆರಳು ಬಿಡುವುದಿಲ್ಲ’ ಎಂದರೆ ಸಿಗುತ್ತದೆ.

ಮೂರನೆಯದು, ಯಾರಿಗೆ ಏನು ಯಾವಾಗ ಗೊತ್ತಾಗಬೇಕು? ರಾಮ ಬದುಕಿದ್ದಾನೆಂದು ಪ್ರೇಕ್ಷಕರಿಗೆ ಮೊದಲೇ ತಿಳಿಸಿದರೆ, ಮಗನನ್ನು ಕೊಲ್ಲಿಸಿದೆನೆಂದು ಕೊರಗುವ ರಾಜನನ್ನು ನೋಡುತ್ತ ಅವರು ತಳಮಳಿಸುತ್ತಾರೆ. ಮುಚ್ಚಿಟ್ಟರೆ ರಾಮ ಹೊರಬಂದಾಗ ಬೆರಗಾಗುತ್ತಾರೆ. ಎರಡೂ ಬೇರೆ ಬೇರೆ ಸಿನಿಮಾಗಳೇ.

ಬರೆದ ಮೇಲೆ?

ಒಂದೆರಡು ವಾಕ್ಯದ ಕಥಾಸಾರ, ಕೆಲವು ಪುಟಗಳ ಕಥಾವಿಸ್ತಾರ, ನಂತರ ದೃಶ್ಯಗಳು ಮತ್ತು ಸಂಭಾಷಣೆ. ಒಂದು ಪುಟಕ್ಕೆ ಸುಮಾರು ಒಂದು ನಿಮಿಷ ಎಂಬುದು ರೂಢಿಯ ಅಂದಾಜು. ಆಮೇಲೆ ಪ್ರತಿ ದೃಶ್ಯಕ್ಕೂ ಒರಟು ಚಿತ್ರಗಳ ಸ್ಟೋರಿಬೋರ್ಡ್. ಅವನ್ನು ತಾತ್ಕಾಲಿಕ ಧ್ವನಿಯೊಂದಿಗೆ ಕಾಲಕ್ಕೆ ಸರಿಯಾಗಿ ಜೋಡಿಸಿದರೆ ಅನಿಮ್ಯಾಟಿಕ್. ಅದನ್ನು ಕೂತು ನೋಡಬೇಕು, ಬೇಸರ ಬಂದ ಕಡೆ ಮತ್ತೆ ಬರೆಯಬೇಕು. ತುಟಿಯ ಚಲನೆಯನ್ನು ಸಾಮಾನ್ಯವಾಗಿ ಧ್ವನಿಮುದ್ರಣಕ್ಕೆ ಹೊಂದಿಸಿ ಬಿಡಿಸುವುದರಿಂದ, ಪಾತ್ರಗಳು ಬಳ್ಳಾರಿ ಸೀಮೆಯ ಮಾತಾಡಬೇಕೋ ಗ್ರಾಂಥಿಕ ಕನ್ನಡವೋ ಎಂಬುದೂ ಆಗಲೇ ನಿರ್ಧಾರವಾಗಬೇಕು.

ಸ್ಟೋರಿಬೋರ್ಡ್ ಹೇಗಿರುತ್ತದೆಂಬ ಕಲ್ಪನೆಗೆ ಹಂಪಿಯ ಹಜಾರರಾಮ ದೇವಾಲಯ ನೋಡಿ. 15ನೇ ಶತಮಾನದ ಈ ಗುಡಿಯ ಹೊರಗೋಡೆಯ ಮೇಲೆ ಮೂರು ಸಾಲುಗಳಲ್ಲಿ ರಾಮಾಯಣದ ಪ್ರಸಂಗಗಳಿವೆ. ಪ್ರದಕ್ಷಿಣೆ ಹಾಕುತ್ತ ಹೋದಂತೆ ಕಥೆಯೂ ಮುಂದೆ ಸಾಗುತ್ತದೆ. ಎಷ್ಟೋ ಘಟನೆಗಳಲ್ಲಿ ಯಾವ ಕ್ಷಣ ಕೆತ್ತಬೇಕೆಂದು ಶಿಲ್ಪಿಗಳು ಆರಿಸಿಕೊಂಡಿದ್ದಾರೆ. ವ್ಯತ್ಯಾಸ ಒಂದೇ: ಕಲ್ಲಿನ ಮೇಲಿನದನ್ನು ಅಳಿಸಲಾಗದು, ಸ್ಟೋರಿಬೋರ್ಡ್ ಇರುವುದೇ ಅಳಿಸಿ ತಿದ್ದಲು.

ದೊಡ್ಡವರೂ ತಿದ್ದುತ್ತಾರೆಯೇ?

1993ರ ನವೆಂಬರಿನಲ್ಲಿ ಪಿಕ್ಸಾರ್ ತಂಡ ‘ಟಾಯ್ ಸ್ಟೋರಿ’ಯ ಇಂಥದ್ದೇ ಒರಟು ಆವೃತ್ತಿಯನ್ನು ಡಿಸ್ನಿಯವರಿಗೆ ತೋರಿಸಿತು. ನಾಯಕ ವುಡಿ ಯಾರಿಗೂ ಇಷ್ಟವಾಗದಷ್ಟು ಸಿಡುಕನಾಗಿದ್ದ. ಕೆಲಸ ನಿಂತಿತು. ಚಿತ್ರಕಥೆಯನ್ನು ಮತ್ತೆ ಬರೆದರು. 1995ರಲ್ಲಿ ತೆರೆಕಂಡ ಆ ಸಿನಿಮಾ ಭಾರೀ ಯಶಸ್ಸು ಕಂಡಿತು. ತಪ್ಪು ಒರಟು ಚಿತ್ರಗಳಲ್ಲೇ ಸಿಕ್ಕಿದ್ದರಿಂದ ಸಿನಿಮಾ ಉಳಿಯಿತು.

ಹಾಗಾಗಿ ಹೊಸಪೇಟೆಯಲ್ಲೋ ಸಂಡೂರಿನಲ್ಲೋ ಊರಿನ ಕಥೆಯೊಂದನ್ನು ಅನಿಮೇಷನ್ ಮಾಡಹೊರಟವರು ತಂತ್ರಾಂಶ ತೆರೆಯುವ ಮುಂಚೆ ಅನಿಮ್ಯಾಟಿಕ್ ಮಾಡಿ, ಕಥೆ ಗೊತ್ತಿಲ್ಲದ ಹತ್ತು ಜನರಿಗೆ ತೋರಿಸಲಿ. ಅವರು ಮೊಬೈಲ್ ಕೈಗೆತ್ತಿಕೊಂಡ ಜಾಗವೇ ಮತ್ತೆ ಬರೆಯಬೇಕಾದ ಜಾಗ.