‘ಹೊಡೆದನಾ?’ ಅಂತ ಮೊದಲು ಕೇಳಬೇಡಿ

ಗಂಡನ ಮನೆ ಬಿಟ್ಟು ಬಂದ ಹೆಣ್ಣುಮಗಳಿಗೆ ನಮ್ಮಲ್ಲಿ ಕೇಳೋ ಮೊದಲ ಪ್ರಶ್ನೆ ಯಾವುದು? ‘ಹೊಡೆದನಾ?’ ಎರಡನೆಯದು, ‘ಕುಡೀತಾನಾ?’ ಎರಡಕ್ಕೂ ‘ಇಲ್ಲ’ ಅಂದುಬಿಟ್ಟರೆ ಮೂರನೆಯದು ಪ್ರಶ್ನೆಯ ವೇಷದಲ್ಲಿ ಬರೋ ತೀರ್ಪು: ‘ಮತ್ತಿನ್ನೇನಮ್ಮಾ ನಿಂಗೆ ಕಷ್ಟ?’

ವೀಕ್ಷಕರೇ, ಇವತ್ತಿನ ವಿಚಾರ ಆ ಮೂರನೇ ಮಾತು.

ಹಲಸೂರಿನ ಸೋಮೇಶ್ವರ ದೇವಸ್ಥಾನದ ಸುತ್ತಮುತ್ತಲಿನ ಬೀದಿಗಳನ್ನ ನೋಡಿ. ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು. ಒಬ್ಬರ ಮನೆ ಕುಕ್ಕರ್ ಸೀಟಿ ಮೂರನೇ ಮನೆಗೆ ಕೇಳುತ್ತೆ. ಪಾತ್ರೆ ಬಿಸಾಕಿದರೆ, ಕೈ ಎತ್ತಿದರೆ ಬೀದಿಗೆಲ್ಲಾ ಗೊತ್ತಾಗುತ್ತೆ, ಯಾರಾದರೊಬ್ಬರು ಬಂದು ಬಾಗಿಲು ತಟ್ಟುತ್ತಾರೆ. ಆದರೆ ‘ನಿನ್ನ ಮುಖಕ್ಕೆ ಇದೊಂದು ಕೇಡು’ ಅಂತ ಮೆಲ್ಲಗೆ ಅಂದಿದ್ದು ಯಾವ ಗೋಡೆಯನ್ನೂ ದಾಟಲ್ಲ. ಹತ್ತು ದಿನ ಮಾತೇ ಆಡದೆ ಶಿಕ್ಷೆ ಕೊಟ್ಟಿದ್ದಂತೂ ಯಾರ ಕಿವಿಗೂ ಬೀಳಲ್ಲ. ಸಂಬಳದ ಎಟಿಎಂ ಕಾರ್ಡ್ ಅವನ ಜೇಬಿನಲ್ಲಿರುತ್ತೆ, ಫೋನ್ ಪಾಸ್‌ವರ್ಡ್ ಅವನ ತಲೆಯಲ್ಲಿರುತ್ತೆ. ಹೊರಗಿನಿಂದ ನೋಡಿದವರಿಗೆ ಸಂಸಾರ ಚೆನ್ನಾಗಿಯೇ ಕಾಣುತ್ತೆ.

ಇದು ದೌರ್ಜನ್ಯ ಹೌದೋ ಅಲ್ಲವೋ ಅನ್ನೋ ಚರ್ಚೆ ಕಾನೂನಿನ ಮಟ್ಟಿಗೆ ಎಂದೋ ಮುಗಿದಿದೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ಆಗಿದ್ದು 2005ರಲ್ಲಿ, ಜಾರಿಗೆ ಬಂದಿದ್ದು 2006ರ ಅಕ್ಟೋಬರ್ 26ಕ್ಕೆ. ಅದರ 3ನೇ ಸೆಕ್ಷನ್ ಹೊಡೆತ ಬಡಿತದ ಪಕ್ಕದಲ್ಲೇ ಮಾತಿನ ಮತ್ತು ಭಾವನಾತ್ಮಕ ಹಿಂಸೆಯನ್ನೂ ಇಟ್ಟಿದೆ. ಅವಮಾನ, ಲೇವಡಿ, ಹೆಸರಿಟ್ಟು ಹಂಗಿಸೋದು, ಮಗು ಆಗಲಿಲ್ಲ, ಗಂಡು ಮಗು ಆಗಲಿಲ್ಲ ಅಂತ ಚುಚ್ಚೋದು ಎಲ್ಲವೂ ಅಲ್ಲಿದೆ. ದುಡ್ಡು ಕೊಡದೆ ಕಟ್ಟಿಹಾಕೋದು ‘ಆರ್ಥಿಕ ದೌರ್ಜನ್ಯ’ ಅಂತ ಪ್ರತ್ಯೇಕವಾಗಿ ಇದೆ. 22ನೇ ಸೆಕ್ಷನ್ ಪ್ರಕಾರ ಮಾನಸಿಕ ಹಿಂಸೆಗೆ ಪರಿಹಾರವನ್ನೂ ಕೇಳಬಹುದು.

ಕಾನೂನು ಒಪ್ಪಿಕೊಂಡಿದೆ. ಮನೆಯವರು ಒಪ್ಪಿಕೊಂಡಿಲ್ಲ. ಅದಕ್ಕಿಂತ ದೊಡ್ಡ ಸಮಸ್ಯೆ, ಎಷ್ಟೋ ಸಲ ಆಕೆಯೇ ಒಪ್ಪಿಕೊಂಡಿರಲ್ಲ. ಹೊರಗೆ ಬಂದು ಆರು ತಿಂಗಳಾದ ಮೇಲೂ ‘ತಪ್ಪು ನಂದೇ ಇರಬೇಕು, ವಾಪಸ್ ಹೋಗಿಬಿಡ್ಲಾ?’ ಅಂತ ಯೋಚಿಸ್ತಿರ್ತಾಳೆ. ಯಾಕೆ ಹೀಗಾಗುತ್ತೆ?

ಮೊದಲನೇ ಕಾರಣ, ಆಕೆಯ ತಕ್ಕಡಿ ಕೆಟ್ಟಿರುತ್ತೆ. ಬ್ರಿಟಿಷ್ ನಾಟಕಕಾರ ಪ್ಯಾಟ್ರಿಕ್ ಹ್ಯಾಮಿಲ್ಟನ್ 1938ರಲ್ಲಿ ‘ಗ್ಯಾಸ್ ಲೈಟ್’ ಅಂತ ಒಂದು ನಾಟಕ ಬರೆದರು. 1944ರಲ್ಲಿ ಅದು ಹಾಲಿವುಡ್ ಸಿನಿಮಾನೂ ಆಯ್ತು. ಅದರಲ್ಲಿ ಗಂಡ ಮನೆಯ ವಸ್ತುಗಳನ್ನ ತಾನೇ ಬಚ್ಚಿಟ್ಟು, ಕಳೆದಿದ್ದು ನೀನೇ ಅಂತ ಹೆಂಡತಿಯನ್ನ ನಂಬಿಸ್ತಾನೆ. ದೀಪದ ಬೆಳಕು ಮಂಕಾಗೋದು ಆಕೆಗೆ ಕಣ್ಣಾರೆ ಕಂಡರೂ ಅದು ನಿನ್ನ ಭ್ರಮೆ ಅಂತ ಒಪ್ಪಿಸಲು ನೋಡ್ತಾನೆ. ‘ಗ್ಯಾಸ್‌ಲೈಟಿಂಗ್’ ಅನ್ನೋ ಮಾತು ಬಂದಿದ್ದು ಅಲ್ಲಿಂದ. ನಮ್ಮ ಮನೆಗಳಲ್ಲಿ ಅದು ‘ನಾನೆಲ್ಲಿ ಹಾಗಂದೆ?’, ‘ತಮಾಷೆಗೆ ಅಂದಿದ್ದಕ್ಕೆ ಇಷ್ಟೊಂದಾ?’, ‘ನಿಂಗೆ ತಲೆ ಸರಿಯಿಲ್ಲ’ ಅನ್ನೋ ರೂಪದಲ್ಲಿ ಬರುತ್ತೆ. ವರ್ಷಗಟ್ಟಲೆ ಇದನ್ನೇ ಕೇಳಿದವಳಿಗೆ ತನ್ನ ನೆನಪಿನ ಮೇಲೇ ನಂಬಿಕೆ ಹೋಗಿರುತ್ತೆ.

ಎರಡನೇ ಕಾರಣ, ಅವನು ಯಾವಾಗಲೂ ಕೆಟ್ಟವನಾಗಿ ಇರಲ್ಲ. ನಾಲ್ಕು ದಿನ ಮೌನ, ಐದನೇ ದಿನ ಮಲ್ಲಿಗೆ ಹೂವು. ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಮಾಡಿದ ಪ್ರಯೋಗ ಪ್ರಸಿದ್ಧ. ಕುಕ್ಕಿದಾಗೆಲ್ಲ ಕಾಳು ಸಿಗೋ ಪಾರಿವಾಳ, ಕಾಳು ನಿಂತ ಸ್ವಲ್ಪ ಹೊತ್ತಿಗೆ ಕುಕ್ಕೋದನ್ನ ಬಿಡುತ್ತೆ. ಯಾವಾಗ ಸಿಗುತ್ತೋ ಗೊತ್ತಿಲ್ಲದೆ ಆಗೊಮ್ಮೆ ಈಗೊಮ್ಮೆ ಕಾಳು ಸಿಗೋ ಪಾರಿವಾಳ, ಕಾಳು ನಿಂತ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇರುತ್ತೆ. ನೋವು ಕೊಡುವವನೇ ಸಮಾಧಾನವನ್ನೂ ಕೊಡ್ತಿದ್ದರೆ ಹುಟ್ಟೋ ಈ ಗಟ್ಟಿ ಅಂಟನ್ನ ಡಟನ್ ಮತ್ತು ಪೇಂಟರ್ ಅನ್ನೋ ಸಂಶೋಧಕರು 1981ರಲ್ಲೇ ವಿವರಿಸಿದ್ದಾರೆ. ಹಾಗಾಗಿ ಬಿಟ್ಟು ಬಂದ ಮೇಲೂ ಅವನ ನೆನಪಾಗುತ್ತೆ ಅಂದರೆ ಆಕೆಗೆ ಬುದ್ಧಿ ಇಲ್ಲ ಅಂತ ಅರ್ಥ ಅಲ್ಲ. ಅವನೊಂದಿಗೆ ಸುಖವಾಗಿದ್ದಳು ಅನ್ನೋದಕ್ಕೆ ಅದು ಸಾಕ್ಷಿಯೂ ಅಲ್ಲ. ಅಂಟು ಒಣಗಿ ಬಿಡೋಕೆ ಟೈಮ್ ಬೇಕು.

ಮೂರನೇ ಕಾರಣ ಮುಖ್ಯವಾದದ್ದು. ಇಂಥ ಸಂಬಂಧ ಮನುಷ್ಯರಿಂದ ಕಿತ್ತುಕೊಳ್ಳೋದು ಸಂತೋಷವನ್ನಷ್ಟೇ ಅಲ್ಲ, ನಿರ್ಧಾರ ಮಾಡೋ ಅಭ್ಯಾಸವನ್ನೂ ಕಿತ್ತುಕೊಳ್ಳುತ್ತೆ. ಯಾವ ಸೀರೆ, ಯಾವ ಪಲ್ಯ, ಯಾರ ಜೊತೆ ಮಾತು, ಎಷ್ಟು ಗಂಟೆಗೆ ಮನೆ, ಎಲ್ಲದಕ್ಕೂ ಅವನ ಮುಖ ನೋಡಿ ಅಭ್ಯಾಸ. ಆಮೇಲೆ ಒಂದು ದಿನ ಹೊರಗೆ ಬಂದಾಗ ಹೋಟೆಲ್‌ನಲ್ಲಿ ಇಡ್ಲಿ ಬೇಕೋ ದೋಸೆ ಬೇಕೋ ಅಂದರೂ ಗಾಬರಿ ಆಗುತ್ತೆ. ನೋಡಿದವರು ನಗಬಹುದು. ಇಲ್ಲಿ ನಗೋಕೆ ಏನೂ ಇಲ್ಲ.

ಈಗ ಪ್ರಶ್ನೆ, ಹೋದ ಆತ್ಮಗೌರವ ವಾಪಸ್ ಬರೋದು ಹೇಗೆ?

ಎಲ್ಲರೂ ಕೊಡೋ ಸಲಹೆ ಒಂದಿದೆ. ‘ಕನ್ನಡಿ ಮುಂದೆ ನಿಂತು ನಾನು ಗಟ್ಟಿಗಿತ್ತಿ, ನಾನು ಪ್ರೀತಿಗೆ ಅರ್ಹಳು ಅಂತ ದಿನಾ ಹೇಳಿಕೋ.’ ಕೆನಡಾದ ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಇದನ್ನೇ ಪರೀಕ್ಷೆ ಮಾಡಿದರು. ಆತ್ಮಗೌರವ ಮೊದಲೇ ಚೆನ್ನಾಗಿದ್ದವರಿಗೆ ಇದರಿಂದ ಸ್ವಲ್ಪ ಅನುಕೂಲ ಆಯ್ತು. ಕುಗ್ಗಿದ್ದವರು ಇನ್ನಷ್ಟು ಕುಗ್ಗಿದರು. ಯಾಕಂದ್ರೆ ಬಾಯಿ ಒಂದು ಹೇಳ್ತಿದ್ದರೆ ಒಳಗಿನ ದನಿ ‘ಸುಳ್ಳು’ ಅಂತ ವಾದಕ್ಕೆ ನಿಲ್ಲುತ್ತೆ.

ಹಾಗಾದರೆ ಏನು ಕೆಲಸ ಮಾಡುತ್ತೆ? ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ ಹೇಳಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತೆ. ‘ನನ್ನ ಕೈಲಾಗುತ್ತೆ’ ಅನ್ನೋ ನಂಬಿಕೆಯ ಅತ್ಯಂತ ಗಟ್ಟಿ ಮೂಲ ಹೊಗಳಿಕೆ ಅಲ್ಲ, ಉಪದೇಶವೂ ಅಲ್ಲ. ತಾನೇ ಮಾಡಿ ಮುಗಿಸಿದ ಕೆಲಸ. ಎಂಜಿನಿಯರಿಂಗ್ ಓದಿದವರು ಇದಕ್ಕೆ ಕ್ಯಾಲಿಬ್ರೇಷನ್ ಅಂತಾರೆ. ತಕ್ಕಡಿ ತಪ್ಪು ತೋರಿಸ್ತಿದ್ದರೆ ಅದರ ಮುಂದೆ ಭಾಷಣ ಮಾಡಿ ಪ್ರಯೋಜನ ಇಲ್ಲ. ತೂಕ ಖಚಿತವಾಗಿ ಗೊತ್ತಿರೋ ಬಟ್ಟು ಇಟ್ಟು, ಎಷ್ಟು ತಪ್ಪು ತೋರಿಸ್ತಿದೆ ಅಂತ ನೋಡಿ, ಸ್ವಲ್ಪಸ್ವಲ್ಪವಾಗಿ ಸರಿಮಾಡಬೇಕು.

ಬದುಕಿನಲ್ಲಿ ಆ ಬಟ್ಟು ಯಾವುದು? ಯಾರೂ ಅಲ್ಲಗಳೆಯೋಕೆ ಆಗದ ಸಣ್ಣ ಸಣ್ಣ ಸತ್ಯಗಳು. ಹಲಸೂರಿನಲ್ಲಿ ತಾಯಿ ಮನೆಗೆ ಬಂದಿರೋ ಒಬ್ಬ ಹೆಣ್ಣುಮಗಳನ್ನ ಊಹಿಸಿಕೊಳ್ಳಿ. ಇವತ್ತು ಬೆಳಗ್ಗೆ ಕೆರೆ ಕಡೆ ಅರ್ಧ ಗಂಟೆ ನಡೆದು ಬರ್ತೀನಿ ಅಂದುಕೊಂಡಳು, ಬಂದಳು. ನಾಳೆ ಬ್ಯಾಂಕಿಗೆ ಹೋಗಿ ತನ್ನ ಹೆಸರಿನಲ್ಲೇ ಒಂದು ಖಾತೆ ತೆರೆದಳು. ಫೋನ್, ಇಮೇಲ್ ಪಾಸ್‌ವರ್ಡ್ ಬದಲಾಯಿಸಿದಳು. ನಮ್ಮ ರಾಜ್ಯದಲ್ಲಿ 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯ್ತು. ಅದರ ಬಗ್ಗೆ ಟಿವಿಯಲ್ಲಿ ಎಷ್ಟು ರಾಜಕೀಯ ಜಗಳ ಆಡಿದ್ದೇವೆ! ಯಾರ ಹತ್ತಿರವೂ ಇಪ್ಪತ್ತು ರೂಪಾಯಿ ಕೇಳದೆ ಬಿಎಂಟಿಸಿ ಸಾಮಾನ್ಯ ಬಸ್ ಹತ್ತಿ ನಿಮ್ಹಾನ್ಸ್‌ಗೋ, ಕೋರ್ಟಿಗೋ, ಇಂಟರ್‌ವ್ಯೂಗೋ ಹೋಗಿಬರೋದು ಇಂಥ ಹೆಣ್ಣುಮಗಳಿಗೆ ಏನು ಅಂತ ಆ ಜಗಳದಲ್ಲಿ ಯಾರೂ ಕೇಳಲಿಲ್ಲ.

ಇದನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ತಾರೀಖು ಹಾಕಿ ಬರೆದಿಡಿ. ಅವನು ಅಂದಿದ್ದು, ಮಾಡಿದ್ದು ನೆನಪಿಗೆ ಬಂದಾಗ ಅದನ್ನೂ ಬರೆಯಿರಿ. ‘ಅಷ್ಟೇನೂ ಕೆಟ್ಟದಾಗಿರಲಿಲ್ಲ’ ಅಂತ ಮನಸ್ಸು ವಾದ ಹೂಡೋ ರಾತ್ರಿ ನಿಮ್ಮದೇ ಕೈಬರಹ ನಿಮ್ಮ ಪರ ಸಾಕ್ಷಿ ಹೇಳುತ್ತೆ. ಮುಂದೆ ವಕೀಲರ ಹತ್ತಿರ ಕೂತಾಗಲೂ ಅದು ಉಪಯೋಗಕ್ಕೆ ಬರುತ್ತೆ.

ತಾಯಿ ಮನೆಯವರಿಗೆ ಒಂದು ಮಾತು. ಆಕೆ ಮೇಲೆ ಪ್ರೀತಿಯಿಂದಲೇ ನೀವು ಎಲ್ಲಾ ನಿರ್ಧಾರ ತಗೊಂಡುಬಿಡ್ತೀರಿ. ‘ನೀನು ಸುಮ್ನಿರು, ನಾವು ನೋಡ್ಕೋತೀವಿ.’ ಅಲ್ಲಿ ಗಂಡ ನಿರ್ಧರಿಸ್ತಿದ್ದ, ಇಲ್ಲಿ ಅಣ್ಣ ನಿರ್ಧರಿಸ್ತಾನೆ. ಆಕೆಯ ಪಾಲಿಗೆ ಬದಲಾಗಿದ್ದೇನು? ಅಡುಗೆ ಏನು ಅನ್ನೋದರಿಂದ ಕೇಸ್ ಹಾಕಬೇಕಾ ಬೇಡವಾ ಅನ್ನೋದರವರೆಗೆ ಆಕೆಯನ್ನ ಕೇಳಿ. ಉತ್ತರ ತಡವಾದರೆ ಕಾಯಿರಿ.

ಇನ್ನು ಸಹಾಯ. ಅರ್ಜಿ ಹಾಕೋಕೆ ಗಂಡನ ಊರಿಗೇ ಹೋಗಬೇಕಿಲ್ಲ. ಈಗ ತಾತ್ಕಾಲಿಕವಾಗಿ ಇರೋ ಜಾಗದ ಮ್ಯಾಜಿಸ್ಟ್ರೇಟ್ ಕೋರ್ಟ್ ಸಾಕು ಅಂತ ಕಾಯ್ದೆಯೇ ಹೇಳುತ್ತೆ. ನಮ್ಮ ರಾಜ್ಯದಲ್ಲಿ ಸಂರಕ್ಷಣಾಧಿಕಾರಿಯ ಹೊಣೆ ಮಹಿಳಾ ಮತ್ತು ಮಕ್ಕಳ ಇಲಾಖೆಯ ಸಿಡಿಪಿಒಗಳ ಮೇಲಿದೆ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ, ಅದಕ್ಕೆ ಸಹಾಯವಾಣಿ 15100. ಮಹಿಳಾ ಸಹಾಯವಾಣಿ 181. ಮನಸ್ಸು ತೀರಾ ಕುಗ್ಗಿದೆ, ನಿದ್ದೆ ಇಲ್ಲ, ಬದುಕೇ ಬೇಡ ಅನ್ನಿಸ್ತಿದೆ ಅಂದರೆ ಒಬ್ಬರೇ ಕೂರಬೇಡಿ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ. ಈ ಸೇವೆ 2022ರ ಅಕ್ಟೋಬರ್‌ನಲ್ಲಿ ಶುರುವಾಯ್ತು, ಇದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್. ಇದು ಗಂಡಸರಿಗೂ ಇದೆ. ಮಾತಿನ ಹಿಂಸೆಯಲ್ಲಿ ಸವೆದ ಗಂಡಸರೂ ಇದ್ದಾರೆ, ಅವರಿಗೆ ಹೇಳಿಕೊಳ್ಳೋಕೆ ನಾಚಿಕೆ ಒಂದು ಜಾಸ್ತಿ.

ಕಾನೂನಿಗೆ ಮಿತಿಯೂ ಇದೆ. ಬೆಂಗಳೂರಿನ ಕಂಪನಿಯೊಂದರಲ್ಲಿ ಪರಿಚಯವಾದವನ ಜೊತೆ ಬಹುಕಾಲ ಬಾಳಿದ ಮಹಿಳೆಗೆ ಮ್ಯಾಜಿಸ್ಟ್ರೇಟ್ ಕೋರ್ಟ್ ತಿಂಗಳಿಗೆ 18,000 ರೂಪಾಯಿ ಜೀವನಾಂಶ ಕೊಟ್ಟಿತ್ತು. ಹೈಕೋರ್ಟ್ ಅದನ್ನ ತಳ್ಳಿಹಾಕಿತು. 2013ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟ್ ತೀರ್ಪನ್ನೇ ಎತ್ತಿಹಿಡಿಯಿತು. ಕಾರಣ, ಆತ ಮದುವೆಯಾದವನು ಅನ್ನೋದು ಆಕೆಗೆ ಮೊದಲೇ ಗೊತ್ತಿತ್ತು. ಇಂಥ ಸಂಬಂಧಗಳಲ್ಲಿ ನೊಂದವರ ಬಗ್ಗೆ ಸಂಸತ್ತು ಯೋಚಿಸಬೇಕು ಅಂತಲೂ ಕೋರ್ಟ್ ಹೇಳಿತು. ಕೋರ್ಟಿನಲ್ಲಿ ಗೆಲ್ಲಬಹುದು, ಸೋಲಬಹುದು. ಆ ತೀರ್ಪು ಬರೋವರೆಗೆ ನಿಮ್ಮ ಬೆಲೆ ಎಷ್ಟು ಅನ್ನೋ ಲೆಕ್ಕವನ್ನ ಬಾಕಿ ಇಡಬೇಡಿ.

ನಡುವೆ ಒಂದು ದಿನ ಅವನ ಫೋನ್ ಬರುತ್ತೆ. ‘ನಾನು ಬದಲಾಗಿದ್ದೀನಿ’ ಅಂತಾನೆ. ನಿಜ ಇರಬಹುದು, ಸುಳ್ಳೂ ಇರಬಹುದು. ಅವತ್ತೇ ಉತ್ತರ ಕೊಡಬೇಕು ಅಂತ ಯಾವ ಕಾನೂನಿನಲ್ಲೂ ಇಲ್ಲ. ‘ಯೋಚನೆ ಮಾಡಿ ಹೇಳ್ತೀನಿ’ ಅಂದು ಫೋನ್ ಇಡೋಕೆ ಆಯ್ತಾ? ಹಾಗಿದ್ದರೆ ಆ ಸಾಲನ್ನ ಅವತ್ತಿನ ತಾರೀಖು ಹಾಕಿ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ.