ಷೇರು ಕೊಳ್ಳುವ ಮುನ್ನ ಅರಿಯಬೇಕಾದ ಮೋಸದ ಗುರುತುಗಳು



ಕಬ್ಬಿನ ಹಣ ಕೈಸೇರಿದೊಡನೆ ಅದನ್ನು ದುಪ್ಪಟ್ಟು ಮಾಡಿಕೊಡುವೆವೆಂದು ಹೇಳುವವರು ಈಗ ಮೊಬೈಲಿನಲ್ಲಿಯೇ ಬಾಗಿಲಿಗೆ ಬರುತ್ತಾರೆ. ಷೇರು ಕೊಳ್ಳುವುದೇನೂ ತಪ್ಪಲ್ಲ. 1933ರಲ್ಲಿ ಸ್ಥಾಪಿತವಾದ ನಮ್ಮ ಮಂಡ್ಯದ ಮೈಸೂರು ಸಕ್ಕರೆ ಕಂಪನಿಯಲ್ಲಿ ರೈತರೂ ಷೇರುದಾರರು. ಆದರೆ ಷೇರೆಂದರೆ ಕಂಪನಿಯ ಲಾಭ ನಷ್ಟಗಳಲ್ಲಿ ಒಂದು ಪಾಲು. ಲಾಭ ನಿಜವಲ್ಲದಿದ್ದರೆ ಪಾಲೂ ನಿಜವಲ್ಲ.

ಯಲಿಯೂರು ಸುತ್ತಿನ ರೈತರಿಗೆ ಆಲೆಮನೆಯ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಒಂದು ಟನ್ ಕಬ್ಬಿಗೆ ಸುಮಾರು 100 ಕಿಲೋ ಬೆಲ್ಲ ಬರುತ್ತದೆ. ಹತ್ತು ಟನ್ ಅರೆದು ಐದು ಟನ್ ಬೆಲ್ಲ ತೆಗೆದೆನೆಂದರೆ ಯಾರೂ ನಂಬುವುದಿಲ್ಲ. ಕಂಪನಿಯ ಲಾಭವನ್ನೂ ಹೀಗೆಯೇ ಅಳೆಯಬೇಕು.

ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಸಂಗತಿ ನೋಡಿ. ಹೆಸರಾಂತ ಕಂಪನಿ, ಲೆಕ್ಕ ಪರಿಶೋಧಕರ ಸಹಿಯಿತ್ತು, ಉತ್ತಮ ಆಡಳಿತಕ್ಕೆಂದು 2008ರಲ್ಲಿ ಪ್ರಶಸ್ತಿಯೂ ಬಂದಿತ್ತು. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ಅವರೇ ಪತ್ರ ಬರೆದು ಲೆಕ್ಕ ಸುಳ್ಳೆಂದು ಒಪ್ಪಿಕೊಂಡರು. ಪುಸ್ತಕದಲ್ಲಿ ತೋರಿಸಿದ್ದ 5,361 ಕೋಟಿ ರೂಪಾಯಿ ನಗದಿನಲ್ಲಿ 5,040 ಕೋಟಿ ಇರಲೇ ಇಲ್ಲ. ಅಂತಿಮವಾಗಿ ತೋರಿಸಿದ ಮೂರು ತಿಂಗಳ ಲೆಕ್ಕದಲ್ಲಿ ನೂರು ರೂಪಾಯಿ ವರಮಾನಕ್ಕೆ 24 ರೂಪಾಯಿ ಉಳಿಯಿತೆಂದು ಹೇಳಿದ್ದರು. ನಿಜವಾಗಿ ಉಳಿದದ್ದು 3 ರೂಪಾಯಿ. ಸುಮಾರು 179 ರೂಪಾಯಿಯಿದ್ದ ಷೇರು ಒಂದೇ ದಿನದಲ್ಲಿ 40 ರೂಪಾಯಿಯ ಹತ್ತಿರಕ್ಕೆ ಇಳಿಯಿತು.

ಎಚ್ಚರ ವಹಿಸಬೇಕಾದ ಗುರುತುಗಳು ಇವು:

1. ಲಾಭ ವರ್ಷ ವರ್ಷವೂ ಏರುತ್ತದೆ, ಆದರೆ ವ್ಯಾಪಾರದಿಂದ ನಗದು ಬರುವುದಿಲ್ಲ. ಅಥವಾ ಕೈತುಂಬ ನಗದಿದೆಯೆಂದು ಹೇಳುತ್ತಲೇ ಕಂಪನಿ ಸಾಲ ಎತ್ತುತ್ತದೆ. ಕಣಜ ತುಂಬಿದವನು ರಾಗಿ ಕಡ ಕೇಳುವುದೇಕೆ?

2. ಮಾಲೀಕರು ತಮ್ಮ ಷೇರುಗಳನ್ನೇ ಅಡವಿಟ್ಟಿರುತ್ತಾರೆ. ಸತ್ಯಂ ಮಾಲೀಕರೂ ಇಟ್ಟಿದ್ದರು.

3. ಕಂಪನಿಯ ಹಣ ಮಾಲೀಕರ ನೆಂಟರಿಷ್ಟರ ಕಡೆಗೆ ಹರಿಯುತ್ತದೆ. 2008ರ ಡಿಸೆಂಬರಿನಲ್ಲಿ ಸತ್ಯಂ 160 ಕೋಟಿ ಡಾಲರ್ ಕೊಟ್ಟು ಮಾಲೀಕರ ಕುಟುಂಬದ ಎರಡು ಕಂಪನಿಗಳನ್ನು ಕೊಳ್ಳಹೊರಟು, ಷೇರುದಾರರ ವಿರೋಧ ಕಂಡು ಕೈಬಿಟ್ಟಿತು. ಪತ್ರ ಹೊರಬಿದ್ದದ್ದು ಅದಾದ ಮೂರು ವಾರಕ್ಕೆ.

4. ಲೆಕ್ಕ ಪರಿಶೋಧಕರು ಅವಧಿಗೆ ಮುನ್ನವೇ ಬಿಟ್ಟುಹೋಗುತ್ತಾರೆ.

5. ಗಳಿಕೆ ಇದ್ದಲ್ಲೇ ಇದೆ. ಷೇರಿನ ಬೆಲೆ ಮಾತ್ರ ದಿನೇ ದಿನೇ ಏರುತ್ತದೆ, ಅಪರಿಚಿತರು ವಾಟ್ಸಾಪ್ ಗುಂಪಿನಲ್ಲಿ “ಇಂದೇ ಕೊಳ್ಳಿ” ಎಂದು ಅವಸರಪಡಿಸುತ್ತಾರೆ. ಅಗ್ಗವಾಗಿ ಕೊಂಡವರು ಸುದ್ದಿ ಹಬ್ಬಿಸಿ, ಬೆಲೆ ಏರಿದೊಡನೆ ನಿಮ್ಮ ತಲೆಗೆ ಕಟ್ಟಿ ಹೊರಟುಹೋಗುವುದೇ ಇಲ್ಲಿನ ತಂತ್ರ.

6. ಖಚಿತ ಲಾಭದ ಆಸೆ ತೋರಿಸುತ್ತಾರೆ. ಬೆಂಗಳೂರಿನ ಐ.ಎಂ.ಎ. ಸಂಸ್ಥೆ ತಿಂಗಳಿಗೆ ಶೇಕಡಾ ಎರಡೂವರೆ, ಮೂರರಷ್ಟು ಲಾಭದ ಆಸೆ ತೋರಿಸಿ ಹಣ ಕೂಡಿಸಿತು. 2019ರ ಜೂನಿನಲ್ಲಿ ಅದು ಬಾಗಿಲು ಮುಚ್ಚಿದಾಗ ದೂರು ಕೊಡಲು ಸಾವಿರಾರು ಜನ ಸಾಲುಗಟ್ಟಿದರು. ತಿಂಗಳಿಗೆ ಮೂರೆಂದರೆ ವರ್ಷಕ್ಕೆ ಮೂವತ್ತಾರು. ಯಾವ ಬೆಳೆಯೂ ಪ್ರತಿ ತಿಂಗಳು ತಪ್ಪದೆ ಇಷ್ಟು ಕೊಡದು. ಯಾವ ವ್ಯಾಪಾರವೂ ಕೊಡದು.

ಒಂದು ಗುರುತು ಕಂಡಮಾತ್ರಕ್ಕೆ ಕಂಪನಿ ಮೋಸದ್ದೆಂದು ತೀರ್ಮಾನಿಸಬೇಡಿ. ಎರಡು ಮೂರು ಒಟ್ಟಿಗೆ ಕಂಡರೆ ಹಣ ಹಾಕಬೇಡಿ.

ಮಾಡಬೇಕಾದುದು ಇಷ್ಟು. ಕಂಪನಿಯ ವಾರ್ಷಿಕ ವರದಿಯನ್ನು ಓದು ಬಲ್ಲ ಮಕ್ಕಳಿಂದ ಓದಿಸಿ, ನಗದಿನ ಲೆಕ್ಕದ ಪುಟ ಕೇಳಿ. ಸಲಹೆ ಕೊಡುವವನು ಸೆಬಿಯಲ್ಲಿ ನೋಂದಾಯಿತನೇ ಎಂದು ವಿಚಾರಿಸಿ. ಸೆಬಿಯ ಉಚಿತ ದೂರವಾಣಿ 1800 266 7575. ಮೊಬೈಲಿನ ಮೂಲಕ ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ತಿಳಿಸಿ. ಸಾಲ ತಂದು, ದನ ಮಾರಿ, ಒಡವೆ ಅಡವಿಟ್ಟು ಷೇರು ಕೊಳ್ಳಲೇಬೇಡಿ. ಮುಂದಿನ ನಾಟಿಗೂ ಮಕ್ಕಳ ಓದಿಗೂ ಬೇಕಾದ ಹಣ ಬ್ಯಾಂಕಿನಲ್ಲಿಯೇ ಇರಲಿ.

ಕೊಟ್ಟಿಗೆಗೆ ಎತ್ತು ತರುವಾಗ ಹಲ್ಲು ನೋಡಿ, ಸುಳಿ ನೋಡಿ, ನಡೆಸಿ ನೋಡಿ ಕೊಳ್ಳುವಿರಿ. ಷೇರು ಕೊಳ್ಳುವಾಗಲೂ ಅಷ್ಟೇ ಜಾಗರೂಕತೆ ಇರಲಿ.