ಹಳೆಯ ರೇಡಿಯೋವಿನ ಕ್ಷೀಣಧ್ವನಿ

ಅಟ್ಟ ಸೇರಿದ್ದ ವಾಲ್ವು ರೇಡಿಯೋವನ್ನು ಕೆಳಗಿಳಿಸಿ, ಮರದ ಪೆಟ್ಟಿಗೆಗೆ ಮೆರುಗು ಕೊಡಿಸಿ, ನಡುಮನೆಯಲ್ಲಿ ಪುನಃ ಪ್ರತಿಷ್ಠಿಸುವ ಅಭಿರುಚಿಯು ಅನೇಕ ಗೃಹಸ್ಥರಲ್ಲಿ ಕಂಡುಬರುತ್ತಿರುವುದು ಸಂತೋಷದ ವಿಷಯವು. 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ಸ್ವಗೃಹದಲ್ಲಿಯೇ ಬಾನುಲಿ ಕೇಂದ್ರವನ್ನು ಆರಂಭಿಸಿದ ನಾಡಿಗೆ ಈ ಅಭಿರುಚಿಯು ಉಚಿತವೇ ಸರಿ. ಆದರೆ ದುರಸ್ತಿಯಾಗಿ ಬಂದ ಯಂತ್ರದಲ್ಲಿ ದೀಪವು ಬೆಳಗಿ, ಮುಳ್ಳು ಚಲಿಸಿ, ಗುಂಡಿಯನ್ನು ಪೂರ್ತಿ ತಿರುಗಿಸಿದರೂ ಧ್ವನಿಯು ಪಕ್ಕದ ಕೋಣೆಯನ್ನು ಮುಟ್ಟದಿದ್ದರೆ ಮಾಡಬೇಕಾದುದೇನು? ವಾಲ್ವುಗಳು ಮುದಿಯಾದುವೆಂದು ತೀರ್ಮಾನಿಸಿ ಎಲ್ಲವನ್ನೂ ಬದಲಾಯಿಸುವುದು ರೂಢಿ. ಇದರಿಂದ ಹಣವು ವ್ಯಯವಾಗುವುದಲ್ಲದೆ, ಇನ್ನೂ ಬಹುಕಾಲ ಬಾಳಬಲ್ಲ ದುರ್ಲಭ ವಾಲ್ವುಗಳು ಕಸಕ್ಕೆ ಬೀಳುವುವು.

ಯಾವುದಿದ್ದಲ್ಲಿ ದೋಷವಿರುವುದೋ, ಯಾವುದು ತೊಲಗಿದರೆ ದೋಷವೂ ತೊಲಗುವುದೋ ಅದೇ ಕಾರಣವೆಂಬುದು ತಾರ್ಕಿಕರ ಅನ್ವಯ-ವ್ಯತಿರೇಕ ಕ್ರಮ. ರೇಡಿಯೋಗೂ ಇದೇ ಮದ್ದು.

ಮೊದಲು ಏರಿಯಲ್ ತಂತಿಯನ್ನು ನೋಡತಕ್ಕದ್ದು. ಸಮೀಪದ ಕೇಂದ್ರವು ಗಟ್ಟಿಯಾಗಿ ಕೇಳಿ, ದೂರದ ಕೇಂದ್ರಗಳು ಮಾತ್ರ ಕ್ಷೀಣವಾಗಿದ್ದರೆ, ತಂತಿಯನ್ನು ಹೊರಗೆ ಎತ್ತರದಲ್ಲಿ ಕಟ್ಟಿದೊಡನೆ ಅರ್ಧ ತೊಂದರೆ ನೀಗಬಹುದು. ಎಲ್ಲ ಕೇಂದ್ರಗಳೂ ಸಮನಾಗಿ ಕ್ಷೀಣವಾಗಿದ್ದರೆ, ಯಂತ್ರದ ಹಿಂದಿರುವ ಗ್ರಾಮೋಫೋನ್ ರಂಧ್ರಗಳಿಗೆ ಪಿಕಪ್ಪನ್ನು ಜೋಡಿಸಿ ಕೇಳಬೇಕು. ಹಾಡು ಗಟ್ಟಿಯಾಗಿ ಬಂದರೆ ದೋಷವು ಅಲೆಗಳನ್ನು ಹಿಡಿಯುವ ಪೂರ್ವಭಾಗದಲ್ಲಿದೆ. ಅದೂ ಕ್ಷೀಣವಾದರೆ ಧ್ವನಿಯನ್ನು ವರ್ಧಿಸುವ ಉತ್ತರಭಾಗದಲ್ಲಿದೆ. ಹೀಗೆ ಒಂದೇ ಪರೀಕ್ಷೆಯಿಂದ ಹುಡುಕಬೇಕಾದ ಕ್ಷೇತ್ರವು ಅರ್ಧವಾಗುವುದು. ಟ್ರಾನ್ಸ್‌ಫಾರ್ಮರಿಲ್ಲದೆ ಮನೆಯ ವಿದ್ಯುತ್ತಿಗೆ ನೇರವಾಗಿ ಜೋಡಿಸಿದ ಯಂತ್ರಗಳಲ್ಲಿ ಮಾತ್ರ ಈ ಪರೀಕ್ಷೆಯು ಕೂಡದು. ಅವುಗಳ ಲೋಹದ ಚೌಕಟ್ಟೇ ವಿದ್ಯುನ್ಮಯವಾಗಿರಬಹುದು.

ನಮ್ಮ ಪರಿಚಿತರೊಬ್ಬರ ಯಂತ್ರದಲ್ಲಿ ದೋಷವು ಉತ್ತರಭಾಗದಲ್ಲಿದ್ದಿತು. ಎರಡು ವಾಲ್ವುಗಳನ್ನು ಕೊಂಡು ಹಾಕಿದರೂ ಫಲವಿಲ್ಲ. ಬಲ್ಲ ಕುಶಲಿಯೊಬ್ಬನು ಅಳೆದಾಗ ಕೊನೆಯ ಇಎಲ್ 84 ವಾಲ್ವಿನ ಆನೋಡಿನಲ್ಲಿ 250 ವೋಲ್ಟು, ಕ್ಯಾಥೋಡಿನಲ್ಲಿ 7 ವೋಲ್ಟು ಇದ್ದುವು. ಇವು ಇರಬೇಕಾದ ಅಂಕಗಳೇ ಆದುದರಿಂದ ವಾಲ್ವು ನಿರಪರಾಧಿಯೆಂದಾಯಿತು. ಆ ಕ್ಯಾಥೋಡಿನ ರೆಸಿಸ್ಟರಿಗೆ ಅಂಟಿಕೊಂಡಿದ್ದ ಪುಟ್ಟ ಕಂಡೆನ್ಸರು ಒಳಗೇ ಒಣಗಿಹೋಗಿದ್ದಿತು. ದುರಸ್ತಿಯವರು ದೊಡ್ಡ ಕಂಡೆನ್ಸರುಗಳನ್ನು ಬದಲಿಸಿ, ಇದನ್ನು ಹಾಗೆಯೇ ಬಿಟ್ಟಿದ್ದರು. ಧ್ವನಿಯ ಏರಿಳಿತಗಳು ರೆಸಿಸ್ಟರನ್ನು ಬಳಸಿ ಹೋಗಲು ದಾರಿ ಕೊಡುವುದು ಈ ಕಂಡೆನ್ಸರಿನ ಕೆಲಸ. ದಾರಿ ಮುಚ್ಚಿದರೆ ಆ ಏರಿಳಿತಗಳೇ ತಿರುಗಿ ನಿಂತು ಬರುವ ಧ್ವನಿಯನ್ನು ವಿರೋಧಿಸುವುವು. ವರ್ಧನೆಯು ಅರ್ಧಕ್ಕಿಂತಲೂ ಕಡಿಮೆಯಾಗುವುದು. ಹೊಸ ಕಂಡೆನ್ಸರನ್ನು ಬೆಸೆದೊಡನೆ ಧ್ವನಿಯು ಮನೆಯನ್ನು ತುಂಬಿತು.

ಕ್ಯಾಥೋಡಿನ ವೋಲ್ಟೇಜು ಮಿತಿಮೀರಿ, ವಾಲ್ವು ಅತಿಯಾಗಿ ಕಾದು, ಧ್ವನಿಯು ಒಡೆದಂತಿದ್ದರೆ, ಅದರ ಗ್ರಿಡ್ಡಿಗೆ ಧ್ವನಿಯನ್ನೊಯ್ಯುವ ಕಂಡೆನ್ಸರು ಸೋರುತ್ತಿರಬಹುದು. ಅದನ್ನು ತೆಗೆಯದೆ ಹೊಸ ವಾಲ್ವನ್ನು ಹಾಕಿದರೆ ಅದಕ್ಕೂ ಅದೇ ಗತಿ.

ವಾಚಕರಿಗೆ ಒಂದು ಎಚ್ಚರಿಕೆ. ಪ್ಲಗ್ಗನ್ನು ಕಿತ್ತಮೇಲೂ ಒಳಗಿನ ಕಂಡೆನ್ಸರುಗಳಲ್ಲಿ ಪ್ರಾಣಾಂತಿಕವಾದ ವಿದ್ಯುತ್ತು ಉಳಿದಿರಬಹುದು. ಏರಿಯಲ್ಲಿನ ಪರೀಕ್ಷೆಯು ಮನೆಯವರದು. ಪೆಟ್ಟಿಗೆಯೊಳಗಿನ ಕೆಲಸವು ಬಲ್ಲವರದು. ಆದರೆ ಏನನ್ನಾದರೂ ಬದಲಿಸುವ ಮುನ್ನ ಅಳೆದು ನೋಡಿರೆಂದು ಅವರನ್ನು ಕೇಳುವ ಅಧಿಕಾರವು ಯಜಮಾನನಿಗೆ ಉಂಟು.